ಸೊಸೆಯ ಹುಳು, ನನ್ನ ಗುಲಾಬಿ

ಯಾರೂ ಕೇಳದ್ದನ್ನು ಹೇಳುವುದು ನನ್ನ ಹುಟ್ಟುಗುಣ. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದೆನಲ್ಲ, ಸಂಬಳ ಕೊಟ್ಟು ಆ ಗುಣವನ್ನು ಸಾಕಿದರು. ಹಾಗಾಗಿ ನನ್ನ ಸೊಸೆ ರೂಪಾ ಚಾಕಿ ಕೇಂದ್ರ ಶುರುಮಾಡಿದಾಗ ಪ್ರಚಾರದ ಜವಾಬ್ದಾರಿಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ರೇಷ್ಮೆಯ ಮರಿಹುಳುಗಳನ್ನು ಎರಡನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ದಾಟುವವರೆಗೆ ಸಾಕಿ ರೈತರಿಗೆ ಕೊಡುವ ಕಸುಬು ಇದು. ರೂಪಾ ಸ್ಟಾರ್ಟಪ್ ಎನ್ನುತ್ತಾಳೆ. ಮಾರುವುದು ಸೋಪಾಗಿದ್ದರೆ ಕಪಾಟಿನಲ್ಲಿಟ್ಟು ಗಿರಾಕಿಗೆ ಕಾಯಬಹುದು. ಹುಳು ಕಾಯುವುದಿಲ್ಲ. ಜ್ವರದಿಂದ ಎದ್ದ ಕೂಡಲೇ ರೈತರ ಮನೆ ಸೇರಬೇಕು, ಇಲ್ಲದಿದ್ದರೆ ಅಷ್ಟೂ ತಿಪ್ಪೆಗೆ. ಮೊದಲ ತಂಡ ಮೊಟ್ಟೆಯೊಡೆದು ಹೊರಬಂದಿತ್ತು, ಕೊಳ್ಳುವವರು ಒಬ್ಬರೂ ಇರಲಿಲ್ಲ.

ನಾನು ಬೆಳೆಗಾರರ ವಾಟ್ಸಾಪ್ ಗ್ರೂಪು ಸೇರಿ, ದಿನಾ ಬೆಳಿಗ್ಗೆ ಗುಲಾಬಿ ಚಿತ್ರದ ಮೇಲೆ ‘ಶುಭೋದಯ, ಹುಳು ಬೇಕೇ?’ ಎಂದು ಬರೆದು ಹಾಕತೊಡಗಿದೆ. ಮೂರನೇ ದಿನ ನನ್ನನ್ನು ಗ್ರೂಪಿನಿಂದ ತೆಗೆದೇಬಿಟ್ಟರು. ಅವತ್ತು ಒಂದು ಮುದ್ದೆ ಕಡಿಮೆ ಉಂಡೆ.

ರೂಪಾ ಕೂಡ ಅದೇ ಗ್ರೂಪಿನಲ್ಲಿದ್ದಳು, ತನ್ನ ಹುಳುವಿನ ಮಾತು ಮಾತ್ರ ಎತ್ತಿರಲಿಲ್ಲ. ನಾನು ಅವಳ ಫೋನಿನಲ್ಲಿ ಇಣುಕುತ್ತಿದ್ದಾಗ ಸಾದಲಿಯ ರೈತರೊಬ್ಬರು, ಹುಳುಗಳು ಸೊಪ್ಪು ಮುಟ್ಟದೆ ಹಸಿರು ಕಕ್ಕುತ್ತಿವೆ ಎಂದು ಫೋಟೋ ಹಾಕಿದರು. ನಮ್ಮ ಕಡೆ ಹುಳುಮನೆಯೊಳಕ್ಕೆ ನೆಂಟರನ್ನೂ ಬಿಡುವುದಿಲ್ಲ. ಒಳಗಿನ ಫೋಟೋ ಹಾಕಿದರೆಂದರೆ ದಿಕ್ಕೇ ತೋಚದಾಗಿದೆ ಎಂದರ್ಥ. ರೂಪಾ ಕೇಳಿದ್ದು ಒಂದೇ: ‘ಅಣ್ಣ, ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದ್ರಾ?’ ಹೊಡೆದಿದ್ದರು. ಔಷಧಿ ಹಾರಿ ಬಿದ್ದ ಆ ಬದುವಿನ ಹಿಪ್ಪುನೇರಳೆ ಸೊಪ್ಪು ನಿಲ್ಲಿಸಿ, ಬೇರೆ ಕಡೆಯದು ಹಾಕಿಸಿ, ಗಂಟೆಗೊಮ್ಮೆ ವಿಚಾರಿಸುತ್ತ ಕೂತಳು.

“ನಮ್ಮ ಹುಳುಗೂ ನಾಲ್ಕೇ ದಿನ ಇರೋದು ಕಣಮ್ಮ, ಒಂದು ಮಾತು ಹಾಕು” ಎಂದೆ.

“ಅವರ ಮನೇಲಿ ಹುಳು ಸಾಯ್ತಾ ಇರುವಾಗ ನಮ್ಮದು ತಗೊಳಿ ಅಂತ ಹೆಂಗೆ ಹೇಳ್ಲಿ ಮಾವ?” ಎಂದಳು. ನನ್ನ ಸೊಸೆ ಅಂತ ಹೇಳುತ್ತಿಲ್ಲ, ಇಂಥ ಮೇಷ್ಟ್ರು ನಮ್ಮ ಶಾಲೆಯಲ್ಲಿ ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಎರಡು ದಿನ ಕಳೆದ ಮೇಲೆ ಸಾದಲಿಯವರೇ ಗ್ರೂಪಿನಲ್ಲಿ ಬರೆದರು: ‘ಬೆಳೆ ಉಳೀತು. ಈಯಮ್ಮಂದು ಚಾಕಿ ಕೇಂದ್ರ ಅಂತ ನಾನೇ ಕೇಳಿ ತಿಳ್ಕೊಂಡೆ, ತಾವಾಗಿ ಒಂದು ಮಾತು ಹೇಳ್ಲಿಲ್ಲ ನೋಡಿ.’ ಸಂಜೆಯೊಳಗೆ ಒಂದು ತಟ್ಟೆಯೂ ಉಳಿಯದಂತೆ ಎಲ್ಲ ಹುಳುವಿಗೂ ಮನೆ ಗೊತ್ತಾಯಿತು. ನನಗೆ ಕಣ್ಣು ತುಂಬಿ ಬಂತು.

ಹುಳು ಒಯ್ಯಲು ಜಂಗಮಕೋಟೆಯಿಂದ ಬಂದವರೊಬ್ಬರು ನನ್ನನ್ನೇ ದಿಟ್ಟಿಸಿ, “ಗ್ರೂಪಲ್ಲಿ ದಿನಾ ಗುಲಾಬಿ ಹಾಕ್ತಿದ್ರಲ್ಲ, ಆ ಮೇಷ್ಟ್ರು ನೀವೇನಾ ಸ್ವಾಮಿ?” ಎಂದರು. ಹುಟ್ಟಿದಾಗಿನಿಂದ ಕೇಳದ್ದನ್ನೆಲ್ಲ ಹೇಳಿಕೊಂಡು ಬಂದ ನಾನು, ಕೇಳಿದ್ದಕ್ಕೆ ಉತ್ತರ ಕೊಡದೆ, ತಟ್ಟೆ ಎತ್ತಿ ಅವರ ಕೈಗಿಟ್ಟೆ.