ಪೆಟ್ರೋಲ್ ಮುಳ್ಳಿಗೆ ಹಸಿವಾದದ್ದು

ಕಾರಿನ ಕೆಟ್ಟ ಪೆಟ್ರೋಲ್ ಮುಳ್ಳಿಗೆ ಮೈಸೂರಿನ ರಿಪೇರಿಯವನು ಕೇಳಿದ್ದು ಎಂಟು ಸಾವಿರ. ಅದೂ ಬಿಡಿಭಾಗ ಹಡಗಿನಲ್ಲಿ ಬರಬೇಕು, ಮೂರು ತಿಂಗಳು ಕಾಯಬೇಕು. ಮಂಡ್ಯದ ಎಲೆಕ್ಟ್ರಿಷಿಯನ್ ಹೇಳಿದ್ದು ಹತ್ತೇ ರೂಪಾಯಿ: "ಒಂದು ಬಿದಿರು ಕಡ್ಡಿ ತಗೊಂಡು ಟ್ಯಾಂಕಿಗೆ ಇಳಿಸಿ ನೋಡ್ಕೊಳ್ಳಿ." ಬೋರಲಿಂಗಯ್ಯ ಎರಡೂ ಬೇಡವೆಂದು ತಾನೇ ಒಂದು ಯಂತ್ರ ಮಾಡಿದ. ಖರ್ಚಾದದ್ದು ಹದಿನಾಲ್ಕು ಸಾವಿರ, ಹೆಂಡತಿ ಚೆನ್ನಾಜಮ್ಮನ ಒಂದು ಇಡ್ಲಿ ತಟ್ಟೆ, ಎರಡು ಕುಕ್ಕರ್ ಸೀಟಿ, ಮತ್ತು ಅವಳ ತಾಳ್ಮೆಯಲ್ಲಿ ಮಿಕ್ಕಿದ್ದಷ್ಟೂ.

ಕಾರು ಐವತ್ತು ವರ್ಷ ಹಳೆಯದು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಸ್ಪೋರ್ಟ್ಸ್ ಕಾರು. ಸಕ್ಕರೆ ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡಿಕೊಂಡಿದ್ದ ಬೋರಲಿಂಗಯ್ಯ ನಿವೃತ್ತಿಯ ದುಡ್ಡಿನಲ್ಲಿ ಅದನ್ನು ಕೊಂಡು ತಂದಿದ್ದ. ಅಂದಿನಿಂದ ಹನ್ನೊಂದು ವರ್ಷ ಅದು ಮನೆ ಪಕ್ಕದ ಶೆಡ್ಡಿನಲ್ಲಿ ಮಲಗಿತ್ತು.

ಚೆನ್ನಾಜಮ್ಮನ ಕಣ್ಣಿದ್ದದ್ದು ಆ ಶೆಡ್ಡಿನ ಮೇಲೆ. ಅವಳ ಮೆಸ್ಸಿನಲ್ಲಿ ಕೂರಲು ಹದಿನಾರು ಜನಕ್ಕೆ ಜಾಗ. ಅಷ್ಟೇ ಜನ ಹೊರಗೆ ಬಿಸಿಲಲ್ಲಿ ನಿಂತು ಕಾಯುತ್ತಿದ್ದರು. ಶೆಡ್ಡು ಖಾಲಿಯಾದರೆ ಎರಡನೆಯ ಪಂಕ್ತಿ ಹಾಕಬಹುದು. ಬಾಗಿಲ ಮೇಲೆ ಬೋರ್ಡು: 'ಹೊಟ್ಟೆ ತುಂಬ ಮುದ್ದೆ ಊಟ, ಎಂಬತ್ತು ರೂಪಾಯಿ.' ಉಣ್ಣುವವರು ತಾವಾಗಿ ಎಲೆ ಮಡಿಸುವ ತನಕ ಬಡಿಸುತ್ತಲೇ ಇರಬೇಕು ಎಂಬುದು ಅವಳ ಅತ್ತೆ ಹಾಕಿಕೊಟ್ಟ ಕಟ್ಟಳೆ. ಒಂದು ದಿನವೂ ಅದನ್ನು ಮುರಿದವಳಲ್ಲ.

ಕೊನೆಗೂ ಕಾರಿಗೊಬ್ಬರು ಗಿರಾಕಿ ಸಿಕ್ಕಿದ್ದರು. ಮೈಸೂರಿನ ಸೀರೆ ವ್ಯಾಪಾರಿ ತಮ್ಮಣ್ಣಶೆಟ್ಟರು, ಹಳೆ ಕಾರುಗಳ ಹುಚ್ಚಿನವರು. "ಭಾನುವಾರ ಬರ್ತೀನಿ. ಕಾರಿನ ಎಲ್ಲಾ ಮುಳ್ಳೂ ನಿಜ ಹೇಳಬೇಕು. ಒಂದು ಸುಳ್ಳು ಹೇಳಿದ್ರೂ ನನಗೆ ಬೇಡ," ಎಂದಿದ್ದರು. ಕೆಟ್ಟಿದ್ದದ್ದು ಪೆಟ್ರೋಲ್ ಮುಳ್ಳೊಂದೇ.

ಗುರುವಾರ ಬೆಳಗ್ಗೆ ಬೋರಲಿಂಗಯ್ಯ ಹತ್ತು ಇಡ್ಲಿ ತಿಂದು ಕಾರು ಹತ್ತಿ ಕೂಗಿದ. "ಬಾರೇ ಇಲ್ಲಿ! ಜಗತ್ತಿನಲ್ಲಿ ಯಾರೂ ಮಾಡದ ಮೀಟರ್ ನೋಡು!"

ಸ್ಟೀರಿಂಗ್ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ, ಅದರ ಮೇಲೆ ಅವಳ ಇಡ್ಲಿ ತಟ್ಟೆ.

"ಈ ಡಬ್ಬಿಯಿಂದ ಸೂಕ್ಷ್ಮವಾದ ಅಲೆ ಹೊರಡುತ್ತೆ. ಸೀಟಿನ ಹಿಂದಿರೋ ಟ್ಯಾಂಕಿಗೆ ತಾಗುತ್ತೆ. ಎಷ್ಟು ತುಂಬಿದೆ, ಎಷ್ಟು ಖಾಲಿ ಅಂತ ತಿಳ್ಕೊಂಡು ವಾಪಸ್ ಬಂದು ಮುಳ್ಳಿಗೆ ಹೇಳುತ್ತೆ!"

"ನಡುವೆ ನೀವು ಕೂತಿದ್ದೀರಲ್ಲ?"

"ನನ್ನೊಳಗಿಂದ ಹಾದು ಹೋಗುತ್ತೆ ಕಣೇ! ನನಗೇನೂ ಆಗಲ್ಲ!"

ಗುಂಡಿ ಒತ್ತಿದ. ಕುಕ್ಕರ್ ಸೀಟಿ ಕೂಗಿತು. ಮುಳ್ಳು ಟಣ್ಣನೆ ನೆಗೆದು ಫುಲ್ಲಿನ ಮೇಲೆ ನಿಂತಿತು.

"ಟ್ಯಾಂಕು ಭರ್ತಿ!" ಎಂದವನೇ ಬುರ್ರೆಂದು ಹೊರಟ.

ಮಧ್ಯಾಹ್ನ ಎರಡು ಗಂಟೆಯ ಮೇಲೆ ಕಾರು ಬಂತು. ಕಬ್ಬಿನ ಟ್ರಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು! ಟ್ಯಾಂಕಿನಲ್ಲಿ ಹನಿ ಪೆಟ್ರೋಲ್ ಇರಲಿಲ್ಲ. ಬೋರಲಿಂಗಯ್ಯ ಕ್ಯಾನಿನಲ್ಲಿ ತರಿಸಿ ಬಾಯಿಮಟ್ಟ ಹುಯ್ದು ಸೀಟಿನಲ್ಲಿ ಕೂತರೆ ಮುಳ್ಳು ಸೊನ್ನೆಗೆ ಬಿತ್ತು.

"ಬೆಳಗ್ಗೆ ಖಾಲಿ ಇದ್ದಾಗ ಭರ್ತಿ ಅಂತು, ಈಗ ಭರ್ತಿ ಇದ್ರೆ ಖಾಲಿ ಅಂತದೆ! ಇದಕ್ಕೇನು ದೊಡ್ಡರೋಗ!"

"ಮೊದಲು ಇಳಿದು ಉಣ್ಣಿ."

"ಇಳಿಯಲ್ಲ! ಇಲ್ಲೇ ತಂದುಕೊಡು!"

ಚೆನ್ನಾಜಮ್ಮ ಮುದ್ದೆ, ಬಸ್ಸಾರು ತಂದುಕೊಟ್ಟಳು. ಅವನು ಕತ್ತು ತಿರುಗಿಸಿ ಟ್ಯಾಂಕಿನ ಕಡೆ ನೋಡುತ್ತ ನುಂಗತೊಡಗಿದ. ಅವಳು ನೋಡುತ್ತಿದ್ದದ್ದು ಮುಳ್ಳನ್ನು. ಒಂದು ತುತ್ತಿಗೆ ಒಂದು ಗೆರೆ ಏರಿತು. ಮತ್ತೊಂದು ತುತ್ತು, ಮತ್ತೊಂದು ಗೆರೆ. ನೀರು ಕುಡಿದ, ಅರ್ಧ ಗೆರೆ!

"ಏನೂಂದ್ರೆ, ನಿಮ್ಮ ಅಲೆ ಟ್ಯಾಂಕಿನವರೆಗೆ ಹೋಗ್ತಾನೇ ಇಲ್ಲ. ನಿಮ್ಮ ಹೊಟ್ಟೆ ನೋಡ್ಕೊಂಡು ವಾಪಸ್ ಬರ್ತಿದೆ."

"ಹೊಟ್ಟೆಯಂತೆ! ಮೀಟರ್ ವಿಷಯ ನಿನಗೇನು ಗೊತ್ತು?"

"ಹೊಟ್ಟೆ ವಿಷಯ ಗೊತ್ತಲ್ಲ."

ಅಷ್ಟರಲ್ಲಿ ಪಕ್ಕದ ಮನೆಯ ಜವರೇಗೌಡ ಮೇಷ್ಟ್ರು ಕಾರು ನೋಡಲು ಬಂದರು.

"ಊಟ ಆಯ್ತಾ ಮೇಷ್ಟ್ರೇ?"

"ಆಯ್ತು, ಆಯ್ತು. ಈಗ ತಾನೇ ಆಯ್ತು."

"ಹಾಗಾದ್ರೆ ಇಲ್ಲಿ ಒಸಿ ಕೂತ್ಕೊಳ್ಳಿ."

ಗಂಡನನ್ನು ಇಳಿಸಿ ಅವರನ್ನು ಕೂರಿಸಿದಳು. ಮುಳ್ಳು ಸೊನ್ನೆಗೆ ಬಿದ್ದು, ಅಲ್ಲೂ ನಿಲ್ಲದೆ, ಇನ್ನೂ ಕೆಳಗೆ ದಾರಿ ಹುಡುಕಿತು!

"ಮೇಷ್ಟ್ರೇ, ನಿಜ ಹೇಳಿ."

ಮೇಷ್ಟ್ರು ತಲೆ ತಗ್ಗಿಸಿದರು. "ಕೇಳಿದವರಿಗೆ ಆಯ್ತು ಅನ್ನದೆ ಇನ್ನೇನನ್ನಲಿ ಚೆನ್ನಾಜಕ್ಕ? ಬೆಳಗ್ಗೆ ಒಂದು ಲೋಟ ಕಾಫಿ ಕುಡಿದದ್ದು."

ಕಾಂಪೌಂಡಿನ ಆಚೆಯಿಂದ ಅವರ ಹೆಂಡತಿ ನಿಂಗಾಜಮ್ಮನ ದನಿ ಎದ್ದಿತು. "ಏನು? ನಾನು ಕಟ್ಕೊಂಡ ಗಂಡನ್ನ ಉಪವಾಸ ಕೆಡವಿದ್ದೀನಿ ಅಂತ ಬೀದೀಲಿ ಮೀಟರ್ ಇಟ್ಟು ತೋರಿಸ್ತಿದ್ದೀರಾ? ಉಪ್ಪಿಟ್ಟು ಮಾಡಿಟ್ಟಿದ್ದೆ! ತಿನ್ನದೆ ಓಡಿಬಂದವರು ಅವರು!"

"ಅದಕ್ಕೇ ಓಡಿಬಂದೆ," ಎಂದರು ಮೇಷ್ಟ್ರು, ಕಾರಿಗೆ ಮಾತ್ರ ಕೇಳಿಸುವಂತೆ.

ಚೆನ್ನಾಜಮ್ಮ ಎರಡು ಮುದ್ದೆ ಹಾಕಿಸಿದಳು. ಮೇಷ್ಟ್ರು ಮತ್ತೆ ಕೂತಾಗ ಮುಳ್ಳು ಮುಕ್ಕಾಲಿಗೆ ಬಂತು. ಬೋರಲಿಂಗಯ್ಯ ಡಬ್ಬಿಯನ್ನೊಮ್ಮೆ ತಟ್ಟಿ ನೋಡಿದ. ಅಂದಿನಿಂದ ಆ ಬೀದಿಯಲ್ಲಿ ಊಟ ಆಯ್ತಾ ಎಂದು ಯಾರಾದರೂ ಕೇಳಿದರೆ, ಜನ ಮೊದಲು ಶೆಡ್ಡಿನ ಬಾಗಿಲ ಕಡೆ ನೋಡಿ ಆಮೇಲೆ ಉತ್ತರ ಹೇಳುತ್ತಿದ್ದರು.

"ಕಿತ್ತು ಹಾಕಿ ಬಿದಿರು ಕಡ್ಡಿ ಇಡಿ. ಭಾನುವಾರ ಶೆಟ್ಟರ ಮುಂದೆ ಮಾನ ಹೋಗುತ್ತೆ," ಎಂದಳು.

"ಎರಡು ತಂತಿ ಅದಲುಬದಲು ಮಾಡಿದ್ರೆ ಮುಗೀತು ಕಣೇ! ಅಲೆ ಟ್ಯಾಂಕಿನಿಂದಲೇ ಹೊರಡುವ ಹಾಗೆ ಮಾಡ್ತೀನಿ!"

ಮಾಡಿದ. ಈಗ ಯಾರು ಕೂತರೂ, ಉಂಡವರೋ ಹಸಿದವರೋ, ಮುಳ್ಳು ಮತ್ತು ಬಿದಿರು ಕಡ್ಡಿ ಒಂದೇ ಲೆಕ್ಕ ಹೇಳಿದವು. ಚೆನ್ನಾಜಮ್ಮನೂ ಒಪ್ಪಿದಳು. ಓಡಿಸಿ ನೋಡುವುದನ್ನು ಮಾತ್ರ ಇಬ್ಬರೂ ಮರೆತರು.

ಭಾನುವಾರ ಶೆಟ್ಟರು ಬಂದರು. ಗಾಳಿಗೆ ಬಾಗುವಂಥ ಆಳು. ಕೈಯಲ್ಲಿ ಎರಡು ಇಡ್ಲಿಯ ಪುಟ್ಟ ಡಬ್ಬಿ. "ಮುದ್ದೆ ಬೇಡ ತಾಯಿ. ಹನ್ನೆರಡು ವರ್ಷದಿಂದ ನನಗೆ ಹಸಿವೇ ಇಲ್ಲ. ತೋರಿಸದ ಡಾಕ್ಟರಿಲ್ಲ," ಎಂದು ಕಾರಿಗೆ ಕೈಮುಗಿದು ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ಬೋರಲಿಂಗಯ್ಯ. ಮದ್ದೂರಿನವರೆಗೆ ಹೋಗಿ ಬರುವುದೆಂದು ಮಾತು.

ಬಂದಾಗ ಮೊದಲು ಇಳಿದವನು ಬೋರಲಿಂಗಯ್ಯ. ಅವನ ಮುಖ ಬಿಳುಚಿತ್ತು.

"ಮದ್ದೂರಿನಲ್ಲಿ ಹನ್ನೊಂದು ವಡೆ ತಿಂದರು ಕಣೇ! ದಾರೀಲಿ ಒಂದು ಗೊನೆ ಬಾಳೆಹಣ್ಣು! ನನ್ನ ಕಡೆನೂ ಒಂಥರಾ ನೋಡಿದರು!"

ಶೆಟ್ಟರು ನೆಟ್ಟಗೆ ಪಂಕ್ತಿಗೆ ನುಗ್ಗಿ ಕೂತರು. ಚೆನ್ನಾಜಮ್ಮ ಬಡಿಸಿದಳು. ಒಂದು ಮುದ್ದೆ, ಮೂರು, ಆರು... ಒಂಬತ್ತಕ್ಕೆ ಎಲೆ ಮಡಿಸಿ, ಕಣ್ಣೊರೆಸಿಕೊಂಡರು.

ಅವಳು ಕಡ್ಡಿ ಇಳಿಸಿ ನೋಡಿದಳು. ನಲವತ್ತು ಕಿಲೋಮೀಟರ್ ಓಡಿದರೂ ಪೆಟ್ರೋಲ್ ಒಂದು ಗೆರೆ ಇಳಿದಿರಲಿಲ್ಲ. ಮುಳ್ಳೂ ಅದನ್ನೇ ಹೇಳುತ್ತಿತ್ತು. ಅವಳಿಗೆ ಅರ್ಥವಾಯಿತು. ಸುಮ್ಮನಿದ್ದರೆ ಶೆಡ್ಡು ಸಿಗುತ್ತದೆ. ಆದರೆ ತನ್ನ ಎಲೆಯಲ್ಲಿ ಉಂಡವರಿಗೆ ಮೋಸ ಮಾಡುವುದು ಹೇಗೆ?

"ಸ್ವಾಮಿ, ಮುಳ್ಳು ನಿಜ ಹೇಳ್ತಿದೆ. ಆದ್ರೆ ಈ ಕಾರು ಪೆಟ್ರೋಲ್ ಕುಡೀತಿಲ್ಲ. ತಂತಿ ಅದಲುಬದಲು ಮಾಡಿದ್ಮೇಲೆ ಓಡಿಸೋವ್ರ ಹೊಟ್ಟೇಲಿರೋದನ್ನ ಕುಡೀತಿದೆ. ಬೇಡ ಅಂದ್ರೆ ನಮಗೇನೂ ಬೇಜಾರಿಲ್ಲ."

ಬೋರಲಿಂಗಯ್ಯ ಕುಣಿದುಬಿಟ್ಟ. "ಮುದ್ದೆ ಮೇಲೆ ಓಡೋ ಕಾರು! ಇದನ್ನ ಮಾರೋದೇ? ನಾನು ಕೊಡಲ್ಲ! ಇನ್ನು ಪೆಟ್ರೋಲ್ ಖರ್ಚೇ ಇಲ್ಲ!"

"ಓಡಿಸೋರು ನೀವು. ಬೇಯಿಸೋಳು ನಾನು," ಎಂದಳು ಚೆನ್ನಾಜಮ್ಮ. "ಪೆಟ್ರೋಲ್ ಬಂಕಿನವನು ನಿಮಗೆ ಹಿಟ್ಟು ತೊಳಸಿ ಕೊಡ್ತಾನಾ ಕೇಳ್ಕೊಂಡು ಬನ್ನಿ."

ಅವನು ಕುಣಿತ ನಿಲ್ಲಿಸಿದ. ಶೆಟ್ಟರು ಮಾತ್ರ ಬೀಗದ ಕೈ ಬಿಡಲಿಲ್ಲ. "ಹನ್ನೆರಡು ವರ್ಷದ ಮೇಲೆ ನನಗೆ ಹಸಿವಾಯ್ತು ತಾಯಿ! ಕೇಳಿದ್ದಕ್ಕಿಂತ ಹತ್ತು ಸಾವಿರ ಹೆಚ್ಚೇ ತಗೊಳ್ಳಿ!"

ಕಾರು ಹೋಯಿತು. ಶೆಡ್ಡು ಸಿಕ್ಕಿತು. ಚೆನ್ನಾಜಮ್ಮ ನೆಲಕ್ಕೆ ಸಿಮೆಂಟ್ ಹಾಕಿಸಿ, ಇನ್ನೂ ಹದಿನಾರು ಜನಕ್ಕೆ ಮಣೆ ಮಾಡಿಸಿದಳು. ವಾರದಲ್ಲಿ ಆರು ದಿನ ಎರಡನೆಯ ಪಂಕ್ತಿ ಭರ್ತಿ ನಡೆಯುತ್ತದೆ.

ಭಾನುವಾರ ಶೆಟ್ಟರು ಮೈಸೂರಿನಿಂದ ಕಾರು ಓಡಿಸಿಕೊಂಡು ಊಟಕ್ಕೆ ಬರುತ್ತಾರೆ. ಎಂಬತ್ತು ರೂಪಾಯಿ ಕೊಟ್ಟು ಕೂರುತ್ತಾರೆ. ಎಲೆ ಮಡಿಸುವ ಹೊತ್ತಿಗೆ ಎರಡನೆಯ ಪಂಕ್ತಿಯ ಹದಿನಾರು ಜನರ ಮುದ್ದೆ ಮುಗಿದಿರುತ್ತದೆ. ಮಿಕ್ಕವರು ಮೊದಲಿನ ಹಾಗೆ ಬಿಸಿಲಲ್ಲಿ ನಿಂತು ಕಾಯುತ್ತಾರೆ.