ಮೂವತ್ತು ಪರ್ಸೆಂಟ್ ದೋಣಿ

ಸಿರಿಲ್ ಸ್ಟೋಬರ್ಟ್ ಆ ಕಂಪನಿಯ ಕೈಗೆ ಸಿಕ್ಕಿಬಿದ್ದದ್ದು ಒಂದೇ ಒಂದು ‘ಹೂಂ’ನಿಂದ.

ಕಳೆದ ಚಳಿಗಾಲದಲ್ಲಿ ಆ ಕಂಪನಿಯಿಂದ ಯಾರೋ ಫೋನ್ ಮಾಡಿ, “ಸರ್, ನಿಮ್ಮ ಹಳೇ ಕಾರಿನ ಸಾಲದಲ್ಲಿ ಬ್ಯಾಂಕಿನವರು ಗುಟ್ಟಾಗಿ ಕಮಿಷನ್ ಹೊಡೆದಿದ್ದಾರೆ. ನಾವು ವಾಪಸ್ ಕೊಡಿಸೋಣ್ವಾ?” ಎಂದು ಕೇಳಿದ್ದ. ಸಿರಿಲ್ ಕಿಟಕಿಯಾಚೆಯ ಕಡಲು ನೋಡುತ್ತಾ ಬೇರೆಯೇ ಲೋಕದಲ್ಲಿದ್ದ. “ಅಯ್ಯೋ ಬೇಡಪ್ಪ, ನಿಮಗ್ಯಾಕೆ ತೊಂದ್ರೆ” ಎಂದ. ಆತ ಮತ್ತೊಮ್ಮೆ ಕೇಳಿದ. “ಹೂಂ, ಆಗ್ಲಿ ಮತ್ತೆ” ಎಂದುಬಿಟ್ಟ.

ಅವನ ತಪ್ಪೇನೂ ಇಲ್ಲ. ಇಂಗ್ಲೆಂಡಿನ ಕಡಲಂಚಿನ ನಮ್ಮ ಆಂಬಲ್ ಬಂದರಿನಲ್ಲಿ ಮೂವತ್ತೊಂದು ವರ್ಷ ಕಾಗದ ಹಂಚಿದ ಅಂಚೆಯವನು ಅವನು. ಯಾರ ಮನೆಯಲ್ಲೂ ಮೊದಲ ಸಲ ಕರೆದಾಗ ಚಹಾ ಕುಡಿದವನಲ್ಲ, ಎರಡನೇ ಸಲ ಕರೆದಾಗ ಕುಡಿಯದೆ ಬಂದವನೂ ಅಲ್ಲ. ಇಲ್ಲಿ ನಾವೆಲ್ಲ ಬೆಳೆದದ್ದೇ ಹಾಗೆ.

ಆಮೇಲೆ ಆ ಮಾತು ಅವನಿಗೆ ಮರೆತೇ ಹೋಯಿತು. ಹೆಂಡತಿ ಮೇವಿಸ್ ಗದರಿಸಿ ಕೂರಿಸಿದ ಮೇಲೆ ಆ ಕಮಿಷನ್ ವಾಪಸ್ ಕೇಳಿ ಬ್ಯಾಂಕಿಗೆ ತಾನೇ ನೀಲಿ ಶಾಯಿಯಲ್ಲಿ ಎರಡು ಪುಟ ಬರೆದ. ಎರಡನೇ ಪುಟದಲ್ಲಿ ಬರೀ ಹವಾಮಾನವೇ ಇತ್ತು. ಬ್ಯಾಂಕಿನವರು ಏನು ಓದಿದರೋ, ಮೇ ತಿಂಗಳಲ್ಲಿ ಸಾವಿರದ ಇನ್ನೂರ ನಲವತ್ತು ಪೌಂಡ್ ಖಾತೆಗೆ ಬಂತು.

ಕೆಳಗೆ ದೋಣಿ ಕಟ್ಟುವ ದಕ್ಕೆಯಲ್ಲಿ ಆರ್ಚಿ ರೆನ್ನರ್ ಮಾರಾಟಕ್ಕಿಟ್ಟಿದ್ದ ಹಸಿರು ದೋಣಿಗೆ ಸಾವಿರದ ಇನ್ನೂರು. ಮರದ ದೋಣಿ, ಎರಡು ಹುಟ್ಟು, ಕೂರಲು ಇಬ್ಬರಿಗೆ ಜಾಗ. ಸಿರಿಲ್ ಆಗಲೇ ಮನಸ್ಸಿನಲ್ಲಿ ಅದನ್ನು ನೂರು ಸಲ ನಡೆಸಿದ್ದ. ದ್ವೀಪದ ದೀಪಸ್ತಂಭ ಸುತ್ತಿ, ಬಂಡೆಗಳ ಮೇಲೆ ಮಲಗಿದ ಸೀಲು ಪ್ರಾಣಿಗಳಿಗೆ ಟೋಪಿ ಎತ್ತಿ, ಮಧ್ಯಾಹ್ನದ ಹೊತ್ತಿಗೆ ಮನೆಗೆ ಬರುತ್ತಿದ್ದ. ಇಡೀ ಜೀವನದಲ್ಲಿ ಅವನು ತನಗೋಸ್ಕರ ಬಯಸಿದ್ದು ಅದೊಂದೇ.

ಶುಕ್ರವಾರ ಬೆಳಿಗ್ಗೆ ಕಂಪನಿಯ ಕಾಗದ ಬಂತು. ‘ನಮ್ಮನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದ. ನಮ್ಮ ಶುಲ್ಕ ಮೂವತ್ತು ಪರ್ಸೆಂಟ್. ತೆರಿಗೆ ಸೇರಿ ನಾನೂರ ನಲವತ್ತಾರು ಪೌಂಡ್ ನಲವತ್ತು ಪೆನ್ಸ್.’

“ಕಾಗದ ಬರ್ದೋನು ನೀನು, ಸ್ಟಾಂಪ್ ಅಂಟಿಸ್ದೋಳು ನಾನು,” ಮೇವಿಸ್ ಕೆಂಡವಾದಳು. “ಇವರು ಕಿತ್ತಿದ್ದೇನು?”

ಸಿರಿಲ್ ಮನಸ್ಸಿನಲ್ಲೇ ದೋಣಿಯ ಮೂವತ್ತು ಪರ್ಸೆಂಟ್ ಕತ್ತರಿಸಿ ನೋಡಿದ. ಎತ್ತಲಿಂದ ಕತ್ತರಿಸಿದರೂ ಮುಳುಗುತ್ತಿತ್ತು.

ಅಷ್ಟರಲ್ಲಿ ಆರ್ಚಿಯ ಫೋನ್. “ಸಿರಿಲ್, ನ್ಯೂಕಾಸಲ್‌ನಿಂದ ಒಬ್ಬ ಬಂದಿದಾನೆ ಮಾರಾಯ, ಕೈಯಲ್ಲಿ ನೋಟು ಹಿಡ್ಕೊಂಡೇ ನಿಂತಿದಾನೆ. ನಾಲ್ಕು ಗಂಟೆ ತನಕ ತಡೀತೀನಿ. ಆಮೇಲೆ ನನ್ನ ಬೈಬೇಡ.”

ಆ ದಿನ ಕಡಲಿನಿಂದ ಮಂಜು ಎದ್ದು ಬೀದಿಯನ್ನೆಲ್ಲ ನುಂಗಿತ್ತು. ಎದುರು ಮನೆ ಕಾಣುತ್ತಿರಲಿಲ್ಲ. ಆದರೆ ಸ್ಟೋಬರ್ಟ್ ಮನೆಗೆ ಕಂಪನಿಯ ಕಾಗದ ಬಂದದ್ದು ಹೇಗೋ ಎಲ್ಲರಿಗೂ ಕಂಡಿತ್ತು. ಪಕ್ಕದ ಮನೆಯ ಡೋರೀನ್ ಚೀಸ್ ಹಾಕಿ ಸುಟ್ಟ ಸ್ಕೋನ್ ಬನ್ನುಗಳ ತಟ್ಟೆ ಹಿಡಿದು ಮಂಜಿನೊಳಗಿಂದ ಮೂಡಿಬಂದಳು. ಅವಳ ಹಿಂದೆಯೇ ಪುರಸಭೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ರಿಡ್ಲಿ ಸಾಹೇಬರು, ಕಂಕುಳಲ್ಲಿ ಕಾನೂನಿನ ದಪ್ಪ ಪುಸ್ತಕ.

“ಒಂದ್ ಪೈಸಾನೂ ಕೊಡ್ಬೇಡ ಚಿನ್ನಾ,” ಎಂದಳು ಡೋರೀನ್. “ನಮ್ ಅಕ್ಕನ ಗಂಡ ಕೊಡ್ದೇನೇ ಸತ್ತ.”

“ವಿಷಯಕ್ಕೆ ಬರೋಣ,” ಎಂದರು ರಿಡ್ಲಿ. “ಅವರು ಕೆಲಸ ಮಾಡಿದ್ರಾ ಇಲ್ವಾ? ಅಷ್ಟೇ ಪ್ರಶ್ನೆ. ಫೋನ್ ಮಾಡು. ಗಟ್ಟಿಯಾಗಿ ಮಾತಾಡು. ಎಲ್ಲಿ, ನನ್ನ ಮೇಲೆ ಒಂದ್ಸಲ ರೇಗು ನೋಡೋಣ.”

ಸಿರಿಲ್ ಎದೆ ತುಂಬ ಉಸಿರೆಳೆದ. “ರಿಡ್ಲಿ ಅವ್ರೇ, ಬೇಜಾರು ಮಾಡ್ಕೋಬೇಡಿ, ನಿಮಗೆ ಪುರುಸೊತ್ತಿದ್ರೆ...”

“ಸಾಕು, ಕೂತ್ಕೋ,” ಎಂದರು ರಿಡ್ಲಿ.

ಹನ್ನೊಂದು ಗಂಟೆಗೆ ಕಂಪನಿಗೆ ಫೋನ್ ಹಚ್ಚಿದರು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದಿತು ಒಂದು ಧ್ವನಿ. ಆಮೇಲೆ ಪಿಯಾನೋ. ಅಲೆ ಬಂದು ಅಲೆ ಹೋದಂತೆ ಅದೇ ನಾಲ್ಕು ಸ್ವರ. ಸಿರಿಲ್‌ನ ಕಣ್ಣು ತಾನಾಗಿ ಮುಚ್ಚಿತು. ಫೋನು ಹುಟ್ಟಾಯಿತು, ಕುರ್ಚಿ ದೋಣಿಯಾಯಿತು. ಮಂಜಿನಲ್ಲಿ ನೀರು ಯಾವುದು ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಎದುರು ಹಲಗೆಯ ಮೇಲೆ ಮೇವಿಸ್, ಮದುವೆಯ ವರ್ಷದ ಹಳದಿ ಕೋಟು ತೊಟ್ಟು, ಬೈಯದೆ ಕೂತಿದ್ದಳು. ಬ್ಯಾಂಕಿನ ಮ್ಯಾನೇಜರ್ ಸೀಲಿನ ಮೀಸೆ ಹೊತ್ತು ನೀರಿನಿಂದ ತಲೆ ಎತ್ತಿ, “ಹವಾಮಾನದ ವಿಷಯ ಬಹಳ ಚೆನ್ನಾಗಿ ಬರ್ದಿದ್ರಿ” ಎಂದ. ಅಂಥ ಸುಖವನ್ನು ಸಿರಿಲ್ ಎಚ್ಚರದಲ್ಲಿ ಕಂಡವನೇ ಅಲ್ಲ.

“ಹಲೋ, ನಾನು ಕೆಲ್ಸಿ!” ಎಂದಿತು ಹುಟ್ಟು.

ಸಿರಿಲ್ ಬೆಚ್ಚಿಬಿದ್ದ. ಡೋರೀನ್ ಫೋನ್ ಕಿತ್ತುಕೊಂಡು ಹತ್ತು ನಿಮಿಷ ಕೂಗಾಡಿದಳು. ಆಮೇಲೆ ನೋಡಿದರೆ ಅದಷ್ಟೂ ಅವಳ ಮನೆಯ ಗ್ಯಾಸ್ ಬಿಲ್ಲಿನ ವಿಷಯ. ರಿಡ್ಲಿ ಸಾಹೇಬರು ಅವಳಿಂದ ಕಿತ್ತುಕೊಂಡು ಕಾನೂನಿನ ಒಂದು ಪುಟ ಓದತೊಡಗಿದ್ದೇ ಫೋನ್ ಕಟ್ಟಾಯಿತು. ಮತ್ತೆ ಪಿಯಾನೋ. ಮತ್ತೆ ಮಂಜು. ಮೇವಿಸ್ ಎರಡು ಸಲ ಊಟಕ್ಕೆ ಕರೆದಳು, ಯಾರೂ ಏಳಲಿಲ್ಲ.

ಮೂರೂವರೆಗೆ ಕೆಲ್ಸಿ ಮತ್ತೆ ಸಿಕ್ಕಳು. ಈ ಸಲ ಸಿರಿಲ್ ಯಾರಿಗೂ ಫೋನ್ ಕೊಡಲಿಲ್ಲ. ಸ್ಪೀಕರಿಗೆ ಹಾಕಿ, ನಡೆದದ್ದನ್ನು ನಡೆದ ಹಾಗೆ ಹೇಳಿದ. “ಕಾಗದ ನಾನೇ ಬರ್ದಿದ್ದಮ್ಮ. ನಿಮ್ಮೋರು ಮಾಡಿದ್ದೇನು ಅಂತ ಒಂದ್ಸಲ ನೋಡ್ತೀಯಾ? ಒಂದು ದೋಣಿ ತಗೋಬೇಕು ಅಂತಿದ್ದೆ.”

ಕೆಲ್ಸಿ ಫೈಲು ತೆಗೆದಳು.

“ಅಯ್ಯೋ ಸರ್,” ಎಂದಳು ಮೆಲ್ಲಗೆ. “ನಮ್ಮೋರು ಬರ್ದಿದ್ದು ಬೇರೆ ಬ್ಯಾಂಕಿಗೆ. ನಿಮ್ಮ ಬ್ಯಾಂಕಿಗೆ ಒಂದಕ್ಷರನೂ ಹೋಗಿಲ್ಲ. ಒಂದ್ನಿಮಿಷ ಇರಿ, ದೊಡ್ಡೋರನ್ನ ಕೇಳ್ತೀನಿ.”

ರಿಡ್ಲಿ ಮುಷ್ಟಿ ಎತ್ತಿದರು. ಡೋರೀನ್ ಮೇವಿಸ್‌ಳ ಕೈ ಹಿಡಿದಳು. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ.

“ಸರ್, ಇದ್ದೀರಾ? ತಪ್ಪು ನಮ್ದೇ. ಶುಲ್ಕ ಪೂರ್ತಿ ಬಿಟ್ಟುಬಿಡ್ತೀವಿ. ನಿಮಗೆ ತೊಂದರೆ ಆಗಿದ್ದಕ್ಕೆ ನಮ್ಮ ಕಡೆಯಿಂದ ನೂರು ಪೌಂಡೂ ಕೊಡ್ತೀವಿ. ಆಗ್ಬಹುದಾ?”

ಸಿರಿಲ್‌ನ ಕಣ್ಣಲ್ಲಿ ನೀರು ತುಂಬಿತು. ಯಾವ ಜನ್ಮದ ಪುಣ್ಯವೋ, ಇಷ್ಟು ಒಳ್ಳೆಯ ಹುಡುಗಿ! ಅವನ ಹೃದಯ ಉಕ್ಕಿ ಬಂತು, ಬಾಯಿ ತನ್ನಷ್ಟಕ್ಕೆ ತೆರೆಯಿತು.

“ಛೆ ಛೆ, ಬೇಡಮ್ಮ. ನಿಮಗ್ಯಾಕೆ ತೊಂದ್ರೆ!”

ಹೇಳಿ, ನಗುತ್ತಾ, ಕಾದ. ಮೇವಿಸ್ ಕಾದಳು. ಡೋರೀನ್, ರಿಡ್ಲಿ ಸಾಹೇಬರು, ಎಲ್ಲರೂ ನಗುತ್ತಾ ಕಾದರು.

ಟಕಟಕ ಎಂದು ಟೈಪ್ ಮಾಡುವ ಸದ್ದು. “ಆಯ್ತು ಸರ್. ರಿಯಾಯಿತಿ ಬೇಡ ಅಂದ್ರಿ, ಬರ್ಕೊಂಡೆ. ಶುಲ್ಕ ಹಾಗೇ ಇರುತ್ತೆ, ಫೈಲ್ ಮುಚ್ತಿದೀನಿ. ಇನ್ನೇನಾದ್ರೂ ಸಹಾಯ ಬೇಕಿತ್ತಾ?”

“ಇ... ಇಲ್ಲಮ್ಮ,” ಎಂದ ಸಿರಿಲ್. “ಬಹಳ ಉಪಕಾರ ಆಯ್ತು.”

ಫೋನ್ ಇಟ್ಟ ಸದ್ದಾಯಿತು.

“ಒಂದೇ ಸಲ!” ಎಂದಳು ಡೋರೀನ್. “ಒಂದೇ ಸಲ ಕೇಳಿ ಇಟ್ಬಿಟ್ಳಲ್ಲ! ಯಾವ ಮನೆಯಲ್ಲಿ ಬೆಳೆದ್ಳೋ!”

“ನೀನು ಮಾಡಿದ್ದು ಸರಿಯಾಗೇ ಇದೆ ಸಿರಿಲ್,” ಎಂದರು ರಿಡ್ಲಿ. “ಮೊದಲನೇ ಸಲಕ್ಕೇ ಹೂಂ ಅನ್ನೋಕೆ ಆಗುತ್ತಾ?”

“ಇನ್ನೊಂದ್ಸಲ ಫೋನ್ ಮಾಡೋಣ,” ಎಂದಳು ಮೇವಿಸ್, ಅಷ್ಟೇನೂ ಧೈರ್ಯವಿಲ್ಲದೆ.

“ಏನಂತ ಮಾಡ್ಲಿ ಮೇವಿಸ್? ಬೇಡ ಅಂದಿದ್ದನ್ನ ನಾನಾಗೇ ಕೇಳ್ಲಾ? ಆ ಹುಡುಗಿ ಏನಂದ್ಕೊಳ್ತಾಳೆ?”

ರಿಡ್ಲಿ ಕಾನೂನಿನ ಪುಸ್ತಕ ತೆರೆದು ಹುಡುಕಿದರು. ಅದರಲ್ಲಿ ಈ ವಿಷಯ ಇರಲಿಲ್ಲ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ನಾಲ್ವರೂ ಒಟ್ಟಿಗೆ ಎದ್ದು ನಿಂತರು. “ನಾನು ಹೇಳ್ಲಿಲ್ವಾ,” ಎಂದು ರಿಡ್ಲಿ ಪಿಸುಗುಟ್ಟಿದರು, ಹೇಳಿರಲಿಲ್ಲವಾದರೂ.

“ಸರ್, ನಾನು ಕೆಲ್ಸಿ. ಒಂದು ಕೇಳೋದು ಮರೆತೇಬಿಟ್ಟೆ.”

“ಕೇಳಮ್ಮ, ಕೇಳು! ಎಷ್ಟು ಸಲ ಬೇಕಾದ್ರೂ ಕೇಳು!”

“ಇವತ್ತಿನ ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಾ?”

ಗಂಟೆ ನಾಲ್ಕು ದಾಟಿತ್ತು, ಕಿಟಕಿಯಾಚೆ ಮಂಜು ಆಗಲೇ ಕರಗತೊಡಗಿತ್ತು. ಕೆಳಗೆ ದಕ್ಕೆಯಲ್ಲಿ ಆರ್ಚಿ ಹಸಿರು ದೋಣಿಯ ‘ಮಾರಾಟಕ್ಕಿದೆ’ ಹಲಗೆಯನ್ನು ಕಳಚುತ್ತಿದ್ದ, ಪಕ್ಕದಲ್ಲಿ ಯಾರೋ ಅಪರಿಚಿತ ಹುಟ್ಟುಗಳನ್ನು ಹೆಗಲಿಗೇರಿಸಿ ನಿಂತಿದ್ದ. ಸಿರಿಲ್ ಅದನ್ನು ನೋಡಿದ. ಆಮೇಲೆ ಪಾಪ, ಎಲ್ಲೋ ದೂರದ ಆಫೀಸಿನಲ್ಲಿ ಬೆಳಗಿನಿಂದ ಫೋನ್ ಹಿಡಿದು ಕೂತಿರುವ ಆ ಹುಡುಗಿಯ ಬಗ್ಗೆ ಯೋಚಿಸಿದ.

“ಹತ್ತೇ ಹಾಕ್ಕೊಳಮ್ಮ,” ಎಂದ.