ಎರಡೂವರೆ ಪ್ಯಾಸೆಂಜರ್ ಮತ್ತು ನನ್ನ ಕೋಚಿಂಗು

ಮಕ್ಕಳ ಪರೀಕ್ಷೆ ಬಂದಾಗ ತಂದೆಗೆ ಉಕ್ಕಿ ಬರುವ ಪಾಂಡಿತ್ಯ ಅವನ ಸ್ವಂತ ಪರೀಕ್ಷೆಯ ಕಾಲದಲ್ಲಿ ಎಲ್ಲಿ ಅಡಗಿರುತ್ತದೋ ನನಗೆ ಇನ್ನೂ ತಿಳಿದಿಲ್ಲ. ನಾನು ಪಿಯುಸಿಯನ್ನು ಎರಡು ಕಂತಿನಲ್ಲಿ ಮುಗಿಸಿದವನು. ರಸಾಯನಶಾಸ್ತ್ರ ಎಂದರೆ ಈಗಲೂ ಬೆವರುತ್ತೇನೆ. ಹಾಗಿದ್ದೂ ಮಗಳು ಸುಧಾ ವೈದ್ಯಕೀಯ ಕಾಲೇಜಿನ ಪ್ರವೇಶ ಪರೀಕ್ಷೆಗೆ ಫಾರ್ಮು ತುಂಬಿದ ದಿನವೇ, ಕೋಚಿಂಗು ನಾನೇ ಕೊಡುತ್ತೇನೆ ಎಂದು ಘೋಷಿಸಿಬಿಟ್ಟೆ.

ಆಗಷ್ಟೇ ಶುರುವಾಗಿದ್ದ ಪರೀಕ್ಷೆ ಅದು. ಒಂದು ಪ್ರಶ್ನೆಗೆ ನಾಲ್ಕು ಉತ್ತರ ಅವರೇ ಕೊಡುತ್ತಾರೆ, ನಾವು ಒಂದಕ್ಕೆ ಗುರುತು ಹಾಕಬೇಕು. ಉತ್ತರ ಅವರೇ ಕೊಟ್ಟ ಮೇಲೆ ಪರೀಕ್ಷೆ ಯಾಕೆ ಎಂದು ನನ್ನ ಹೆಂಡತಿ ಮಾಲತಿ ಕೇಳಿದಳು. ನನಗೂ ಅದೇ ಸಂಶಯವಿತ್ತು, ತೋರಿಸಿಕೊಳ್ಳಲಿಲ್ಲ. ಆದರೆ ಅದು ನಗುವ ಹೊತ್ತಾಗಿರಲಿಲ್ಲ. ಸೇಡಂನಲ್ಲಿದ್ದ ನಮ್ಮಕ್ಕ ಸುಧಾಗೆ ಆಗಲೇ ವರ ನೋಡಿಟ್ಟಿದ್ದಳು. "ಸೀಟ್ ಸಿಕ್ರ ಓದ್ಲಿ. ಸಿಗ್ಲಿಲ್ಲಂದ್ರ ಮಾಘದಾಗ ಲಗ್ನ. ಮಾತು ಕೊಟ್ಟೀದಿ, ನೆನಪಿರ್ಲಿ" ಎಂದು ಬಂದಾಗಲೆಲ್ಲ ಹೇಳುತ್ತಿದ್ದಳು. ಕೊಟ್ಟಿದ್ದೆ, ಹೌದು. ಅಕ್ಕನ ಮುಂದೆ ನಾನು ಕೊಡದ ಮಾತೇ ಇಲ್ಲ. ಸುಧಾ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಅವಳನ್ನು ನೋಡಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ನನ್ನ ಕೋಚಿಂಗು ಎಂದರೆ ಇಷ್ಟೇ. ವಾರದ ರಜೆಯ ದಿನ ಗೈಡಿನ ಪ್ರಶ್ನೆ ಕೊಟ್ಟು ಪರೀಕ್ಷೆಯಲ್ಲಿದ್ದಂತೆಯೇ ಒಂದೂವರೆ ತಾಸಿನಲ್ಲಿ ಮುಗಿಸೆನ್ನುವುದು. ನನ್ನ ವಾಚು ಶಹಾಬಾದಿಗೆ ರಿಪೇರಿಗೆ ಹೋಗಿ ಮೂರು ತಿಂಗಳಾಗಿತ್ತು. ಆದರೆ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿರುವ ನಮಗೆ ವಾಚು ಯಾಕೆ? ಅನ್ನಕ್ಕಿಡುವುದು, ಹಾಲು ಕಾಸುವುದು, ಎಲ್ಲ ರೈಲು ನೋಡಿ ಇಲ್ಲವೆ ಸಿಮೆಂಟ್ ಕಾರ್ಖಾನೆಯ ಸೈರನ್ನು, ಅಂದರೆ ನಮ್ಮ ಭೋಂಗಾ, ಕೇಳಿ. ಹಾಗಾಗಿ ಎರಡೂವರೆಯ ಪ್ಯಾಸೆಂಜರ್ ಬಂದಾಗ ಶುರು, ನಾಲ್ಕರ ಭೋಂಗಾ ಆದಾಗ ಪೆನ್ನು ಕೆಳಗೆ. ಪ್ರತಿ ಸಲ ಇಪ್ಪತ್ತು ಪ್ರಶ್ನೆ ಉಳಿಯುತ್ತಿದ್ದವು. "ಸ್ಪೀಡೇ ಇಲ್ಲ ನೋಡವಾ ನಿನಗ. ಹಿಂಗಾದ್ರ ಹ್ಯಾಂಗ?" ಎಂದು ಬಯ್ಯುತ್ತಿದ್ದೆ. ಅವಳು ಹಲ್ಲು ಕಚ್ಚಿ ಕೈ ಚುರುಕು ಮಾಡುತ್ತ ಹೋದಳು. ಎರಡು ತಿಂಗಳಿಗೆ ಒಂದು ಪ್ರಶ್ನೆಯೂ ಉಳಿಯದಂತಾಯಿತು.

ಪರೀಕ್ಷೆ ಬರೆದು ಗುಲ್ಬರ್ಗದ ಕೇಂದ್ರದಿಂದ ಹೊರಬಂದ ಸುಧಾ, "ಅರ್ಧ ತಾಸು ಉಳಿದಿತ್ತಪ್ಪಾ. ಎರಡು ಸಲ ತಿರುಗಿ ನೋಡ್ದೆ, ಮೂರು ತಪ್ಪು ತಿದ್ದಿದೆ" ಎಂದಳು. ಸೀಟು ಸಿಕ್ಕಿತು. ಅಂದು ನಾನು ಪೇಢೆಯ ಡಬ್ಬಿ ಹಿಡಿದು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದ ನಡಿಗೆಯನ್ನು ನೀವು ನೋಡಬೇಕಿತ್ತು. ಅಕ್ಕ ಬಂದು ಎರಡು ಪೇಢೆ ತಿಂದು, "ಡಾಕ್ಟರಿಗೂ ವರ ಸಿಗ್ತಾನ ಬಿಡು" ಎಂದಳು. ಪಕ್ಕದ ಮನೆಯ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಹುಸೇನ್ ಸಾಬರು, "ಎಂಥಾ ಕೋಚಿಂಗ್ ಕೊಟ್ರಿ ಬಾಬುಸಾಬ್?" ಎಂದು ಕೇಳಿದರು. ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡು ಸ್ಪೀಡಿನ ಮಹತ್ವ ಶುರು ಮಾಡಿದೆ.

"ಏನ್ ಸ್ಪೀಡ್ರೀ" ಎಂದಳು ಮಾಲತಿ ಒಳಗಿನಿಂದ. "ಎರಡೂವರೆ ಪ್ಯಾಸೆಂಜರ್ ಮೂರಕ್ಕಿಂತ ಮೊದಲ ಎಂದಾದ್ರೂ ಬಂದದೇನು?"

ಸ್ಟೇಷನ್ನಿನ ಕಪ್ಪು ಹಲಗೆಯ ಮೇಲೆ ಆ ಗಾಡಿ ಅರ್ಧ ತಾಸು ತಡ ಎಂದು ವಾರಕ್ಕೆ ಆರು ದಿನ ಸೀಮೆಸುಣ್ಣದಲ್ಲಿ ಬರೆಯುವವನು ನಾನೇ. ಏಳನೆಯ ದಿನ ಮನೆಯಲ್ಲಿ ಕೂತು ಅದೇ ಗಾಡಿಯನ್ನು ನಂಬಿ, ಒಂದೂವರೆ ತಾಸಿನ ಕೆಲಸಕ್ಕೆ ಒಂದೇ ತಾಸು ಕೊಟ್ಟು ಮಗಳನ್ನು ಬಯ್ದಿದ್ದೆ.

"ನಿನಗ ಗೊತ್ತಿತ್ತೇನವಾ?" ಎಂದು ಮಗಳನ್ನು ಕೇಳಿದೆ.

"ಎರಡನೇ ವಾರಕ್ಕ ಗೊತ್ತಾಗಿತ್ತಪ್ಪಾ. ಹೇಳಿದ್ರ ನೀವು ಶಹಾಬಾದಿಗೆ ಹೋಗಿ ವಾಚ್ ತರ್ತಿದ್ರಿ" ಎಂದಳು ಸುಧಾ.

ಈಗ ಹುಸೇನ್ ಸಾಬರ ಮಗಳೂ ಸೇರಿ ಕ್ವಾರ್ಟರ್ಸಿನ ನಾಲ್ಕು ಮಕ್ಕಳು ನನ್ನ ಶಿಷ್ಯರು. ವಾಚು ರಿಪೇರಿಯಾಗಿ ಬಂದಿದೆ. ಕೋಚಿಂಗಿನ ದಿನ ಅದನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತೇನೆ. ಹೋದ ವಾರ ಮಾತ್ರ ಏನಾಯಿತೋ ಏನೋ, ನಾನು ವಾಚು ನೋಡಿ ಟ್ರಂಕಿಗಿಡುತ್ತಿದ್ದಂತೆ ಪ್ಯಾಸೆಂಜರ್ ಸರಿಯಾಗಿ ಎರಡೂವರೆಗೇ ಕೂಗಿತು. ಮಕ್ಕಳು ಪೆನ್ನು ಎತ್ತಿಕೊಂಡು, "ಶುರು ಮಾಡೂನೇನ್ರಿ?" ಎಂದು ಕೇಳಿದರು.

"ಅದು ಗೂಡ್ಸ್ ಗಾಡಿ, ಸುಮ್ನ ಕುಂದ್ರಿ" ಎಂದೆ.